ನೌಕರರ ಅನುಭವವೂ ಸಂಘದ ಆಸ್ತಿ: ಅದನ್ನು ಉಳಿಸುವುದು ನಂಬಿಕೆ



ನಿಮ್ಮ ಸಂಘದ ಆಸ್ತಿ ಏನೇನು ಎಂದು ಯಾರಾದರೂ ಕೇಳಿದರೆ ಕಟ್ಟಡ, ಕ್ಯಾನುಗಳು, ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ, ಬ್ಯಾಂಕಿನ ಠೇವಣಿ ಎಂದು ಪಟ್ಟಿ ಹೇಳುತ್ತೀರಿ. ಲೆಕ್ಕ ಪರಿಶೋಧಕರು ಬರೆದುಕೊಳ್ಳುವ ಪಟ್ಟಿಯೂ ಅದೇ. ಆದರೆ ಯಾವ ಪಟ್ಟಿಯಲ್ಲಿಯೂ ಸೇರದ ಒಂದು ಆಸ್ತಿ ಪ್ರತಿ ಸಂಘದಲ್ಲಿಯೂ ಇದೆ. ಅದು ಕಾರ್ಯದರ್ಶಿ, ಹಾಲು ಪರೀಕ್ಷಕ, ಕೃತಕ ಗರ್ಭಧಾರಣೆ ಕಾರ್ಯಕರ್ತ ಮತ್ತು ಸಹಾಯಕರು ವರ್ಷಗಟ್ಟಲೆ ದುಡಿದು ಗಳಿಸಿದ ತಿಳಿವಳಿಕೆ.

ಈ ಆಸ್ತಿಗೆ ಬೀಗ ಹಾಕಲು ಬರುವುದಿಲ್ಲ. ಹದಿನೈದು ವರ್ಷ ಕೆಲಸ ಮಾಡಿದ ಪರೀಕ್ಷಕ ನಿವೃತ್ತನಾದ ದಿನ ಅದೂ ಅವನ ಜೊತೆ ಮನೆಗೆ ಹೋಗುತ್ತದೆ. ಹೊಸಬ ಮೊದಲಿನಿಂದ ಕಲಿಯಬೇಕು. ಅವನು ಕಲಿಯುವವರೆಗೆ ಆಗುವ ನಷ್ಟ ಕೊನೆಗೆ ನಿಮ್ಮ ಬಟವಾಡೆಯಲ್ಲಿಯೇ ಕಾಣಿಸುತ್ತದೆ.

"ಹಾಗಾದರೆ ತಿಳಿದದ್ದನ್ನು ಬರೆದಿಡಲಿ, ಒಬ್ಬರಿಗೊಬ್ಬರು ಹೇಳಲಿ, ಕಷ್ಟವೇನು?" ಎಂದು ನೀವು ಕೇಳಬಹುದು. ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳೂ ಇದೇ ಪ್ರಶ್ನೆ ಕೇಳಿದವು. ನೌಕರರು ತಮ್ಮ ಅನುಭವವನ್ನು ದಾಖಲಿಸಲೆಂದು ಪುಸ್ತಕ ಇಟ್ಟವು, ಕಂಪ್ಯೂಟರ್ ತಂದವು. ಕೆಲವು ಕಡೆ ವ್ಯವಸ್ಥೆ ಚೆನ್ನಾಗಿ ನಡೆಯಿತು, ಹಲವು ಕಡೆ ಬಳಸುವವರಿಲ್ಲದೆ ಮೂಲೆ ಸೇರಿತು. ಈ ವ್ಯತ್ಯಾಸಕ್ಕೆ ಯಂತ್ರಕ್ಕಿಂತ ಮುಖ್ಯ ಕಾರಣ ನಂಬಿಕೆ ಎಂಬುದನ್ನು ತಜ್ಞರು ಕಂಡುಕೊಂಡಿದ್ದಾರೆ. ಈ ವಿಷಯ ನಮ್ಮ ಹಾಲಿನ ಸಂಘಗಳಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ನೌಕರರಿಗೆ ಗೊತ್ತಿರುವುದೇನು?

ಕೆಲವು ಉದಾಹರಣೆಗಳನ್ನು ನೋಡಿ.

ಕರೆದ ಕೂಡಲೆ ಬಿಸಿಯಾಗಿರುವ, ನೊರೆ ತುಂಬಿದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಇಟ್ಟರೆ ಡಿಗ್ರಿ ಕಡಿಮೆ ತೋರಿಸುತ್ತದೆ. ಅದೇ ಹಾಲು ಸ್ವಲ್ಪ ತಣಿದು, ನೊರೆ ಇಳಿದ ಮೇಲೆ ಡಿಗ್ರಿ ಏರುತ್ತದೆ. ಮನೆ ಹತ್ತಿರವಿರುವ ಸದಸ್ಯನಿಗೆ ಒಂದು ಡಿಗ್ರಿ, ದೂರದ ಸದಸ್ಯನಿಗೆ ಇನ್ನೊಂದು ಡಿಗ್ರಿ ಬರಲು ಇದೂ ಒಂದು ಕಾರಣ. ಅನುಭವಿ ಪರೀಕ್ಷಕನಿಗೆ ಇದು ಗೊತ್ತು. ಹೊಸಬನಿಗೆ ಗೊತ್ತಿಲ್ಲದಿದ್ದರೆ "ನೀರು ಬೆರೆಸಿದ್ದೀರಿ" ಎಂಬ ಮಾತು ಬಂದು ಜಗಳವಾಗುತ್ತದೆ.

ಎಲೆಕ್ಟ್ರಾನಿಕ್ ಪರೀಕ್ಷಾ ಯಂತ್ರವನ್ನು ಪ್ರತಿದಿನ ಸರಿಯಾಗಿ ತೊಳೆಯದಿದ್ದರೆ ಒಳಗಿನ ಕೊಳವೆಯಲ್ಲಿ ಜಿಡ್ಡು ಕಟ್ಟಿ ಅಂಕಿ ತಪ್ಪುತ್ತದೆ. ಹಾಲಿನಲ್ಲಿ ಗಾಳಿಗುಳ್ಳೆ ಇದ್ದರೂ, ಹಾಲು ಹುಳಿಯಾಗತೊಡಗಿದ್ದರೂ ತಪ್ಪುತ್ತದೆ. ಹಸುವಿನ ಕೊನೆಯ ಧಾರೆಯ ಹಾಲಿನಲ್ಲಿ ಜಿಡ್ಡಿನಂಶ ಹೆಚ್ಚು. ಹಾಗಾಗಿ ಆ ಹಾಲನ್ನು ಕರುವಿಗೆ ಬಿಟ್ಟು ಮೊದಲ ಹಾಲನ್ನು ಮಾತ್ರ ಸಂಘಕ್ಕೆ ತಂದರೆ ಜಿಡ್ಡು ಕಡಿಮೆ ಬರುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ.

ಕೃತಕ ಗರ್ಭಧಾರಣೆ ಕಾರ್ಯಕರ್ತನ ಕೆಲಸವನ್ನು ತೆಗೆದುಕೊಳ್ಳಿ. ವೀರ್ಯ ನಳಿಕೆಗಳನ್ನು ದ್ರವ ಸಾರಜನಕದಲ್ಲಿ ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಡಬೇಕು. ಕಂಟೇನರಿನಲ್ಲಿ ದ್ರವದ ಮಟ್ಟ ಇಳಿದು ನಳಿಕೆಗಳು ಮೇಲೆ ಉಳಿದರೆ ವೀರ್ಯ ಸಾಯುತ್ತದೆ. ಆದರೆ ಹೊರಗಿನಿಂದ ನೋಡಿದರೆ ಸತ್ತ ನಳಿಕೆಗೂ ಜೀವಂತ ನಳಿಕೆಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಸು ಗಬ್ಬ ನಿಲ್ಲಲಿಲ್ಲವೆಂಬುದು ತಿಳಿಯುವುದು ಸುಮಾರು 21 ದಿನದ ನಂತರ, ಅದು ಮತ್ತೆ ಬೆದೆಗೆ ಬಂದಾಗ.

ಈಗ ಒಂದು ಪ್ರಶ್ನೆ. ಒಂದು ದಿನ ದ್ರವದ ಮಟ್ಟ ಇಳಿದದ್ದನ್ನು ಕಾರ್ಯಕರ್ತ ತಡವಾಗಿ ನೋಡುತ್ತಾನೆ ಎಂದಿಟ್ಟುಕೊಳ್ಳಿ. ಅವನು ಅಂದೇ ಹೇಳಿದರೆ ನಳಿಕೆಗಳನ್ನು ಬದಲಿಸಬಹುದು, ಆ ವಾರ ಸೂಜಿ ಹಾಕಿಸಿದ ಹಸುಗಳ ಮೇಲೆ ಕಣ್ಣಿಡುವಂತೆ ಮನೆಮನೆಗೆ ತಿಳಿಸಬಹುದು. ಹೇಳದೆ ಸುಮ್ಮನಿದ್ದರೆ ಊರಿನ ಹತ್ತಾರು ಹಸುಗಳು ಬರಡು ನಿಂತು, ಪ್ರತಿ ಹಸುವಿಗೂ ಮೂರು ವಾರದ ಮೇವು ಮತ್ತು ಹಿಂಡಿ ದಂಡವಾಗುತ್ತದೆ. ಅವನು ಹೇಳುವಂತೆ ಮಾಡುವುದು ಯಾವುದು? ಹೇಳದಂತೆ ತಡೆಯುವುದು ಯಾವುದು?

ಗೊತ್ತಿದ್ದರೂ ಏಕೆ ಹೇಳುವುದಿಲ್ಲ?

ಮುಖ್ಯವಾಗಿ ನಾಲ್ಕು ಕಾರಣಗಳಿವೆ.

1. ಶಿಕ್ಷೆಯ ಭಯ. "ನಾನೇ ಹೇಳಿದರೆ ನನ್ನ ಸಂಬಳದಲ್ಲಿಯೇ ಹಿಡಿಯುತ್ತಾರೆ" ಎಂದು ನೌಕರನಿಗೆ ಅನ್ನಿಸಿದರೆ ಅವನು ಬಾಯಿ ಬಿಡುವುದಿಲ್ಲ.

2. ಬೆಲೆ ಕಳೆದುಕೊಳ್ಳುವ ಭಯ. "ನನಗೆ ಗೊತ್ತಿರುವುದೆಲ್ಲ ಇನ್ನೊಬ್ಬನಿಗೂ ಗೊತ್ತಾದರೆ ನಾನು ಯಾತಕ್ಕೆ ಬೇಕು?" ಎಂಬ ಚಿಂತೆ. ಕಾಯಂ ಆಗದ ನೌಕರರಲ್ಲಿ ಇದು ಹೆಚ್ಚು.

3. ಹೆಸರು ಕಸಿಯುತ್ತಾರೆಂಬ ಅನುಮಾನ. ಉಪಾಯ ಕಂಡುಹಿಡಿದವನು ಒಬ್ಬ, ಸಭೆಯಲ್ಲಿ ಶಾಲು ಹೊದಿಸಿಕೊಂಡವನು ಇನ್ನೊಬ್ಬ ಎಂದಾದರೆ ಎರಡನೆಯ ಸಲ ಅವನು ಉಪಾಯ ಹೇಳುವುದಿಲ್ಲ.

4. ಓದುವವನ ಅನುಮಾನ. "ಇದನ್ನು ಬರೆದವರಾರು? ನಿಜವಾಗಿ ಮಾಡಿ ನೋಡಿದ್ದಾರೆಯೇ? ಇದನ್ನು ನಂಬಿ ಕೆಲಸ ಮಾಡಿ ಯಂತ್ರ ಕೆಟ್ಟರೆ ಯಾರು ಹೊಣೆ?"

ಮೊದಲ ಮೂರು ಬರೆಯುವವನ ಕಷ್ಟ, ನಾಲ್ಕನೆಯದು ಓದುವವನ ಕಷ್ಟ. ಈ ನಾಲ್ಕನ್ನೂ ಗೆದ್ದ ಎರಡು ಉದಾಹರಣೆಗಳನ್ನು ಮುಂದೆ ಕೊಟ್ಟಿದೆ. ಎರಡೂ ಹಾಲಿನ ಉದ್ಯಮದವಲ್ಲ. ಆದರೂ ಅವುಗಳಲ್ಲಿ ನಮಗೆ ಪಾಠವಿದೆ.

ಜೆರಾಕ್ಸ್ ಯಂತ್ರ ರಿಪೇರಿ ಮಾಡುವವರು

ತಾಲ್ಲೂಕು ಕಚೇರಿಯ ಮುಂದಿನ ಅಂಗಡಿಗಳಲ್ಲಿ ನಾವು ಪಹಣಿಯ ನಕಲು ತೆಗೆಸುವ ಯಂತ್ರಕ್ಕೆ ಜೆರಾಕ್ಸ್ ಎಂದೇ ಹೆಸರು ಬಿದ್ದಿದೆ. ಅದು ಅಮೆರಿಕದ ಒಂದು ಕಂಪನಿಯ ಹೆಸರು. ಆ ಕಂಪನಿಯ ರಿಪೇರಿ ಕೆಲಸಗಾರರು ಹೇಗೆ ದುಡಿಯುತ್ತಾರೆಂದು 1980ರ ದಶಕದಲ್ಲಿ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ಅವರ ಜೊತೆಯಲ್ಲಿಯೇ ತಿರುಗಾಡಿ ಗಮನಿಸಿದರು. 1996ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು.

ಕಂಪನಿಯು ಪ್ರತಿ ಯಂತ್ರಕ್ಕೂ ದಪ್ಪ ಕೈಪಿಡಿ ಕೊಟ್ಟಿತ್ತು. ಹಾಗೆ ಕೆಟ್ಟರೆ ಹೀಗೆ ಮಾಡು ಎಂದು ಅದರಲ್ಲಿ ಬರೆದಿತ್ತು. ಆದರೆ ಯಂತ್ರಗಳು ಕೈಪಿಡಿ ಓದಿ ಕೆಡುವುದಿಲ್ಲವಲ್ಲ! ಒಂದು ಕಡೆ ಸೆಕೆ, ಒಂದು ಕಡೆ ಧೂಳು, ಒಂದು ಕಡೆ ಒರಟಾಗಿ ಬಳಸುವ ಗಿರಾಕಿ. ಕೈಪಿಡಿಯಲ್ಲಿ ಇಲ್ಲದ ತೊಂದರೆ ಬಂದಾಗ ಕೆಲಸಗಾರರು ತಿಂಡಿಗೆ, ಕಾಫಿಗೆ ಸೇರಿದಲ್ಲಿ ತಮ್ಮ ತಮ್ಮ ಯಂತ್ರಗಳ ಕಥೆ ಹೇಳಿಕೊಳ್ಳುತ್ತಿದ್ದರು. ಆ ಕಥೆಗಳಲ್ಲಿಯೇ ಪರಿಹಾರ ಸಿಗುತ್ತಿತ್ತು. ಮೇಲಿನಿಂದ ನೋಡುವವರಿಗೆ ಹರಟೆಯಂತೆ ಕಾಣುತ್ತಿದ್ದದ್ದು ಅವರ ಪಾಠಶಾಲೆಯೇ ಆಗಿತ್ತು.

ಹೀಗೆ ಬಾಯಿಮಾತಿನಲ್ಲಿ ಹರಿಯುವ ತಿಳಿವಳಿಕೆ ಎಲ್ಲ ಊರಿನ ಕೆಲಸಗಾರರಿಗೂ ಸಿಗಲಿ ಎಂದು 1990ರ ದಶಕದಲ್ಲಿ ಕಂಪನಿಯವರು 'ಯುರೇಕಾ' ಎಂಬ ವ್ಯವಸ್ಥೆ ಮಾಡಿದರು. ಮೊದಲು ಫ್ರಾನ್ಸ್‌ನಲ್ಲಿ, ನಂತರ ಕೆನಡಾ, ಅಮೆರಿಕ ಮೊದಲಾದ ಕಡೆ ಅದು ಬಳಕೆಗೆ ಬಂತು. ಕೆಲಸಗಾರನೊಬ್ಬ ಹೊಸ ಉಪಾಯ ಕಂಡುಕೊಂಡರೆ ಅದನ್ನು ಚಿಕ್ಕದಾಗಿ ಬರೆದು ಕಳಿಸಬಹುದಾಗಿತ್ತು.

ಇಲ್ಲಿ ಮೂರು ವಿಷಯಗಳನ್ನು ಗಮನಿಸಿ.

ಮೊದಲನೆಯದು, ಬಂದ ಉಪಾಯ ಸರಿಯೇ ಎಂದು ಪರೀಕ್ಷಿಸುತ್ತಿದ್ದವರು ಆ ಯಂತ್ರವನ್ನು ಚೆನ್ನಾಗಿ ಬಲ್ಲ ಅನುಭವಿ ಕೆಲಸಗಾರರೇ. ತಮ್ಮಂಥವರೇ ಒಪ್ಪಿದ್ದೆಂದು ಗೊತ್ತಿದ್ದುದರಿಂದ ಉಳಿದವರು ಅದನ್ನು ನಂಬಿ ಬಳಸುತ್ತಿದ್ದರು.

ಎರಡನೆಯದು, ಪ್ರತಿ ಉಪಾಯದ ಜೊತೆಗೆ ಅದನ್ನು ಕೊಟ್ಟವನ ಹೆಸರು ಇರುತ್ತಿತ್ತು.

ಮೂರನೆಯದು ಹಣದ ವಿಷಯ. ಉಪಾಯ ಕೊಟ್ಟವರಿಗೆ ಹಣ ಕೊಡೋಣವೇ ಎಂಬ ಯೋಚನೆ ಬಂದಾಗ ಕೆಲಸಗಾರರು ಅದನ್ನು ಇಷ್ಟಪಡಲಿಲ್ಲ. ಹಣ ಬಂದರೆ ಒಳ್ಳೆಯ ಉಪಾಯಕ್ಕಿಂತ ಉಪಾಯಗಳ ಲೆಕ್ಕವೇ ದೊಡ್ಡದಾಗುತ್ತದೆ ಎಂಬುದು ಅವರ ಅಳುಕು. ಜೊತೆಗಾರರ ನಡುವೆ ಹೆಸರು ಬಂದರೆ ಸಾಕು ಎಂದರು.

ಇದರಿಂದ ಆದ ಲಾಭಕ್ಕೆ ಒಂದೇ ನಿದರ್ಶನ ಸಾಕು. ಬ್ರೆಜಿಲ್ ದೇಶದಲ್ಲಿ ಸುಮಾರು 40,000 ಡಾಲರ್ ಬೆಲೆಯ ಒಂದು ಬಣ್ಣದ ಯಂತ್ರ ಪದೇ ಪದೇ ಕೆಡುತ್ತಿತ್ತು. ಗಿರಾಕಿಗೆ ಹೊಸ ಯಂತ್ರವನ್ನೇ ಕೊಡಬೇಕೆಂಬ ಸ್ಥಿತಿ ಬಂದಿತ್ತು. ಅಷ್ಟರಲ್ಲಿ ಅಲ್ಲಿನ ಕೆಲಸಗಾರನಿಗೆ ಕೆನಡಾದ ಮಾಂಟ್ರಿಯಲ್ ನಗರದ ಕೆಲಸಗಾರನೊಬ್ಬ ಬರೆದಿಟ್ಟ ಉಪಾಯ ಸಿಕ್ಕಿತು. ಅದರಂತೆ ಒಂದು ಡಾಲರಿಗೂ ಕಡಿಮೆ ಬೆಲೆಯ ಸಣ್ಣ ಭಾಗ ಬದಲಿಸಿದ್ದೇ ತಡ, ಯಂತ್ರ ಸರಿಯಾಯಿತು. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಕೆಲಸಗಾರರ ನಡುವೆ ಇಷ್ಟು ಕೆಲಸ ಮಾಡಿದ್ದು ಆ ಬರಹದ ಮೇಲಿನ ನಂಬಿಕೆ.

ವಿಮಾನ ಚಾಲಕರು ಕಲಿಸಿದ ಪಾಠ

ಉಪಾಯ ಹೇಳುವುದು ಒಂದು. ತಪ್ಪು ಹೇಳುವುದು ಇನ್ನೊಂದು. ಎರಡನೆಯದು ಬಹಳ ಕಷ್ಟ.

1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಬಳಿಯ ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ಟಿ.ಡಬ್ಲ್ಯು.ಎ. ಕಂಪನಿಯ ವಿಮಾನವೊಂದು ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 92 ಜನರೂ ತೀರಿಕೊಂಡರು. ಕೆಳಗಿನಿಂದ ಬಂದ ಅಪ್ಪಣೆಯನ್ನು ಚಾಲಕರು ತಿಳಿದುಕೊಂಡ ರೀತಿಯಲ್ಲಿ ಗೊಂದಲವಿತ್ತು. ಇದಕ್ಕಿಂತ ದುಃಖದ ಸಂಗತಿ ತನಿಖೆಯಲ್ಲಿ ಹೊರಬಂತು. ಸುಮಾರು ಆರು ವಾರದ ಹಿಂದೆ ಬೇರೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ, ಅದೇ ಗೊಂದಲದಿಂದ, ಸ್ವಲ್ಪದರಲ್ಲಿಯೇ ಪಾರಾಗಿತ್ತು. ಆ ಚಾಲಕರು ತಮ್ಮ ಕಂಪನಿಗೆ ವಿಷಯ ತಿಳಿಸಿದ್ದರು, ಕಂಪನಿಯು ತನ್ನ ಚಾಲಕರನ್ನು ಎಚ್ಚರಿಸಿತ್ತು. ಆದರೆ ಬೇರೆ ಕಂಪನಿಯವರಿಗೆ ತಿಳಿಸುವ ದಾರಿ ಇರಲಿಲ್ಲ. ತಿಳಿವಳಿಕೆ ಒಂದು ಮನೆಯಲ್ಲಿ ಉಳಿಯಿತು, ಸಾವು ಇನ್ನೊಂದು ಮನೆಗೆ ಬಂತು.

ಇದಾದ ಮೇಲೆ 1975ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆಯು "ಇಂಥ ಘಟನೆಗಳಾದರೆ ನಮಗೆ ತಿಳಿಸಿ" ಎಂದು ವ್ಯವಸ್ಥೆ ಮಾಡಿತು. ಆದರೆ ಚಾಲಕರಿಗೆ ಲೈಸೆನ್ಸ್ ಕೊಡುವುದೂ, ಕಸಿಯುವುದೂ, ದಂಡ ಹಾಕುವುದೂ ಅದೇ ಇಲಾಖೆ. ಅದರ ಮುಂದೆ ಯಾರು ತಾನೇ ತಪ್ಪು ಹೇಳಿಕೊಂಡಾರು? ಇದನ್ನು ಅರಿತು 1976ರಲ್ಲಿ ವರದಿ ಪಡೆಯುವ ಕೆಲಸವನ್ನು ನಾಸಾ ಸಂಸ್ಥೆಗೆ ವಹಿಸಿದರು. ನಾಸಾಗೆ ಚಾಲಕರ ಮೇಲೆ ಯಾವ ಅಧಿಕಾರವೂ ಇಲ್ಲ. ಶಿಕ್ಷಿಸುವ ಅಧಿಕಾರವಿಲ್ಲದವರು ಕೇಳಿದಾಗ ಜನ ಬಾಯಿ ಬಿಟ್ಟರು.

ವ್ಯವಸ್ಥೆ ಹೀಗಿದೆ. ವರದಿ ಬಂದ ಮೇಲೆ ಬರೆದವರ ಹೆಸರಿರುವ ಚೀಟಿಯನ್ನು ಕತ್ತರಿಸಿ, ಸ್ವೀಕರಿಸಿದ ದಿನಾಂಕದ ಮುದ್ರೆ ಹಾಕಿ ಅವರಿಗೇ ಹಿಂದಿರುಗಿಸುತ್ತಾರೆ. ಉಳಿದ ವಿವರವನ್ನು ಹೆಸರಿಲ್ಲದೆ ಎಲ್ಲರಿಗೂ ತಿಳಿಸುತ್ತಾರೆ. ಉದ್ದೇಶವಿಲ್ಲದೆ ನಿಯಮ ತಪ್ಪಿದವರು 10 ದಿನದೊಳಗೆ ವರದಿ ಕೊಟ್ಟಿದ್ದರೆ ಅವರಿಗೆ ದಂಡದಿಂದ ರಕ್ಷಣೆಯಿದೆ. ಆದರೆ ಅಪರಾಧಕ್ಕೆ, ಬೇಕೆಂದೇ ಮಾಡಿದ ತಪ್ಪಿಗೆ ಈ ರಕ್ಷಣೆ ಇಲ್ಲ. ಬಂದ ವರದಿಗಳಿಂದ ಆಯ್ದು ಒಂದು ಚಿಕ್ಕ ಮಾಸಿಕ ಪತ್ರಿಕೆಯನ್ನೂ ಹೊರಡಿಸುತ್ತಾರೆ. ಇಂದಿನವರೆಗೆ ಅಲ್ಲಿಗೆ ಬಂದಿರುವ ವರದಿಗಳ ಸಂಖ್ಯೆ ಹತ್ತು ಲಕ್ಷವನ್ನು ಎಂದೋ ದಾಟಿದೆ.

ಹೆಸರು ಎಲ್ಲಿ ಬೇಕು, ಎಲ್ಲಿ ಬೇಡ?

ಈ ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸುಲಭವಾದ ಸೂತ್ರ ಸಿಗುತ್ತದೆ.

ಉಪಾಯ ಹೇಳಿದವನ ಹೆಸರನ್ನು ದೊಡ್ಡದಾಗಿ ಹಾಕಿ. ತಪ್ಪು ಹೇಳಿಕೊಂಡವನ ಹೆಸರನ್ನು ತೆಗೆದುಹಾಕಿ.

ಹಲವು ಕಡೆ ನಡೆಯುವುದು ಇದಕ್ಕೆ ತಿರುಗಾಮುರುಗಾ. ಒಳ್ಳೆಯ ಉಪಾಯ "ಸಂಘದ ವತಿಯಿಂದ" ಎಂದು ಹೆಸರಿಲ್ಲದೆ ಹೋಗುತ್ತದೆ. ತಪ್ಪು ಮಾಡಿದವನ ಹೆಸರು ಮಾತ್ರ ಊರಿನ ಕಟ್ಟೆಯ ಮೇಲೆ ತಿರುಗುತ್ತದೆ.

ತಪ್ಪು ಹೆಚ್ಚು ಬರೆದ ಕಡೆ ತಪ್ಪು ಹೆಚ್ಚೇ?

ಇಲ್ಲಿ ಸದಸ್ಯರು ಎಚ್ಚರವಾಗಿರಬೇಕಾದ ಒಂದು ಮಾತಿದೆ. ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸೆ ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಇದು 1996ರಲ್ಲಿ ಪ್ರಕಟವಾಯಿತು. ಒಳ್ಳೆಯ ಮುಖ್ಯಸ್ಥೆ ಇರುವ, ಒಗ್ಗಟ್ಟಿರುವ ವಾರ್ಡಿನಲ್ಲಿ ತಪ್ಪು ಕಡಿಮೆ ಇರಬೇಕೆಂದು ಅವರು ಭಾವಿಸಿದ್ದರು. ಲೆಕ್ಕ ಹಾಕಿದಾಗ ಅಂಥ ವಾರ್ಡುಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು. ಅಲ್ಲಿನ ದಾದಿಯರು ತಪ್ಪನ್ನು ಭಯವಿಲ್ಲದೆ ಹೇಳುತ್ತಿದ್ದರು. ಮುಖ್ಯಸ್ಥೆ ಬೈಯುವಂಥ ವಾರ್ಡುಗಳಲ್ಲಿ ತಪ್ಪುಗಳು ಆಗುತ್ತಿದ್ದವು, ಆದರೆ ಮುಚ್ಚಿಹೋಗುತ್ತಿದ್ದವು.

ಹಾಗಾಗಿ ನಿಮ್ಮ ಸಂಘದ ಪುಸ್ತಕದಲ್ಲಿ ಹತ್ತು ತೊಂದರೆ ಬರೆದಿದ್ದು, ಪಕ್ಕದ ಊರಿನ ಪುಸ್ತಕ ಖಾಲಿ ಇದ್ದರೆ "ನಮ್ಮವರು ಕೆಲಸಗೇಡಿಗಳು" ಎಂದು ತೀರ್ಮಾನಿಸಬೇಡಿ. ಖಾಲಿ ಪುಸ್ತಕ ಕಂಡಾಗ ಹೆಚ್ಚು ಯೋಚಿಸಬೇಕು.

ನಂಬಿಕೆಯ ಮೂರು ಕಲ್ಲು

ಒಲೆಗೆ ಮೂರು ಕಲ್ಲು ಬೇಕು. ಎರಡೇ ಇದ್ದರೆ ಪಾತ್ರೆ ನಿಲ್ಲುವುದಿಲ್ಲ. ರೋಜರ್ ಮೇಯರ್, ಜೇಮ್ಸ್ ಡೇವಿಸ್ ಮತ್ತು ಡೇವಿಡ್ ಸ್ಕೂರ್ಮನ್ ಎಂಬ ಮೂವರು ವಿದ್ವಾಂಸರು 1995ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಂಬಿಕೆಗೂ ಇಂಥ ಮೂರು ಆಧಾರಗಳನ್ನು ಹೇಳಿದ್ದಾರೆ. ಅವು ಸಾಮರ್ಥ್ಯ, ಹಿತಚಿಂತನೆ ಮತ್ತು ಪ್ರಾಮಾಣಿಕತೆ. ನೀವು ಜಾತ್ರೆಯಲ್ಲಿ ಹಸು ಕೊಳ್ಳುವಾಗ ಜೊತೆಗೆ ಯಾರನ್ನು ಕರೆದುಕೊಂಡು ಹೋಗುತ್ತೀರಿ? ರಾಸಿನ ಗುಣ ಬಲ್ಲವನಾಗಿರಬೇಕು. ನಿಮ್ಮ ಒಳ್ಳೆಯದನ್ನು ಬಯಸುವವನಾಗಿರಬೇಕು. ದಲ್ಲಾಳಿಯ ಕೈಬಿಸಿಗೆ ಮಾತು ಬದಲಿಸದವನಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅವನ ಮಾತು ನಂಬಿ ನೀವು ಹಣ ಎಣಿಸುವುದಿಲ್ಲ.

ಸಂಘದ ನೌಕರನೂ ಆಡಳಿತ ಮಂಡಳಿಯನ್ನು ಇದೇ ಮೂರು ಕಲ್ಲುಗಳ ಮೇಲೆ ತೂಗುತ್ತಾನೆ. ನಾನು ಹೇಳಿದ್ದು ಇವರಿಗೆ ಅರ್ಥವಾಗುತ್ತದೆಯೇ? ಇವರಿಗೆ ನನ್ನ ಬಗ್ಗೆ ಕಾಳಜಿ ಇದೆಯೇ? "ಶಿಕ್ಷೆ ಇಲ್ಲ" ಎಂದವರು ನಾಳೆ ಮಾತಿಗೆ ನಿಲ್ಲುತ್ತಾರೆಯೇ? ಮೂರನೆಯದೇ ಬಹಳ ನಾಜೂಕು. ಒಮ್ಮೆ ಮಾತು ತಪ್ಪಿದರೆ ಇಡೀ ವ್ಯವಸ್ಥೆ ಮುರಿಯುತ್ತದೆ. ಹಾಲು ಒಡೆಯಲು ಒಂದು ತೊಟ್ಟು ಹುಳಿ ಸಾಕು.

ನಮಗೆ ಇದು ಹೊಸದಲ್ಲ

ಸಹಕಾರಿ ಹೈನುಗಾರಿಕೆ ಬೆಳೆದದ್ದೇ ನಂಬಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದರಿಂದ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ ಹಾಲಿನ ಒಕ್ಕೂಟ ಹುಟ್ಟುವ ಮೊದಲು ರೈತರು ಹೇಳಿದ ಬೆಲೆಗೆ ಹಾಲು ಹಾಕಬೇಕಿತ್ತು. ಸಂಘಗಳು ಬಂದ ಮೇಲೆ ಹಾಲನ್ನು ಸದಸ್ಯರ ಎದುರಿನಲ್ಲಿ ಅಳೆದು, ಪರೀಕ್ಷಿಸಿ, ಗುಣಕ್ಕೆ ತಕ್ಕ ಬೆಲೆ ಕೊಡುವ ಪದ್ಧತಿ ಬಂತು. ಆಣಂದ ಮಾದರಿ ಎನಿಸಿದ ಈ ವ್ಯವಸ್ಥೆಯೇ ನಮ್ಮ ರಾಜ್ಯಕ್ಕೂ 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ಯೋಜನೆಯ ಮೂಲಕ ಬಂದು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಗಿ ಬೆಳೆಯಿತು. ಸದಸ್ಯನಿಗೂ ಸಂಘಕ್ಕೂ ನಡುವೆ ಕಟ್ಟಿದ ಈ ನಂಬಿಕೆಯನ್ನು ನೌಕರನಿಗೂ ಸಂಘಕ್ಕೂ ನಡುವೆ ಕಟ್ಟುವುದು ಈಗ ಉಳಿದಿರುವ ಕೆಲಸ.

ಇದರ ಅಗತ್ಯ ಮೊದಲಿಗಿಂತ ಈಗ ಹೆಚ್ಚು. ಹಿಂದೆ ಒಂದು ಕ್ಯಾನ್ ಹುಳಿಯಾದರೆ ಆ ಕ್ಯಾನಿನ ಹಾಲು ಮಾತ್ರ ಹೋಗುತ್ತಿತ್ತು. ಈಗ ಬಿ.ಎಂ.ಸಿ. ಕೇಂದ್ರಗಳಲ್ಲಿ ಹಲವು ಊರುಗಳ ಹಾಲು ಒಂದೇ ತೊಟ್ಟಿಗೆ ಬಿದ್ದು 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಯುತ್ತದೆ. ಅನುಮಾನವಿದ್ದ ಒಂದು ಕ್ಯಾನನ್ನು ಭಯಕ್ಕೆ ಸುಮ್ಮನೆ ಸುರಿದರೆ ಸಾವಿರಾರು ಲೀಟರ್ ಕೆಡಬಹುದು. "ಈ ಕ್ಯಾನ್ ತಡವಾಯಿತು, ಪಕ್ಕಕ್ಕಿಡಿ, ಕುದಿಸಿ ನೋಡೋಣ" ಎಂದು ಹೇಳುವ ಸಹಾಯಕನ ಒಂದು ಮಾತಿಗೆ ಎಷ್ಟು ಬೆಲೆ ಎಂದು ನೀವೇ ಲೆಕ್ಕ ಹಾಕಿ.

ಸಂಘದಲ್ಲಿ ಮಾಡಬಹುದಾದ ಕ್ರಮಗಳು

1. ಎರಡು ಪುಸ್ತಕ ಇಡಿ. ಒಂದು ಉಪಾಯಗಳ ಪುಸ್ತಕ, ಒಂದು ತೊಂದರೆಗಳ ಪುಸ್ತಕ. ಮೊದಲನೆಯದರಲ್ಲಿ ಹೆಸರು ಮತ್ತು ದಿನಾಂಕ ಇರಲಿ. ಎರಡನೆಯದರಲ್ಲಿ ಏನಾಯಿತು, ಯಾಕಾಯಿತು, ಏನು ಮಾಡಿದೆವು ಎಂಬ ಮೂರು ಸಾಲು ಸಾಕು, ಹೆಸರು ಬೇಡ.

2. ಚಿಕ್ಕದಾಗಿ ಬರೆಯಲಿ. ಬರೆಯಲು ಹಿಂಜರಿಯುವವರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಬೆಳಿಗ್ಗೆ ಐದು ಗಂಟೆಗೆ ಬಾಗಿಲು ತೆಗೆಯುವವರಿಗೆ ಪ್ರಬಂಧ ಬರೆಯುವಷ್ಟು ಬಿಡುವಿರುವುದಿಲ್ಲ.

3. ಉಪಾಯವನ್ನು ಬಲ್ಲವರೇ ಪರೀಕ್ಷಿಸಲಿ. ಪರೀಕ್ಷಾ ಯಂತ್ರದ ವಿಷಯವಾದರೆ ಅಕ್ಕಪಕ್ಕದ ಎರಡು ಸಂಘಗಳ ಅನುಭವಿ ಪರೀಕ್ಷಕರು ಮಾಡಿ ನೋಡಿ ಒಪ್ಪಲಿ. ಹಸುವಿನ ಆರೋಗ್ಯದ ವಿಷಯವಾದರೆ ಪಶುವೈದ್ಯರು ನೋಡದ ಯಾವುದನ್ನೂ ಪುಸ್ತಕಕ್ಕೆ ಸೇರಿಸಬೇಡಿ. ಮೊಬೈಲಿನಲ್ಲಿ ತೇಲಿಬರುವ ಔಷಧಿಗಳ ಬಗ್ಗೆ ಈ ಮಾತು ಮುಖ್ಯ.

4. ಮೊಬೈಲ್ ಗುಂಪಿನಲ್ಲಿ ಜಾಗ ಬಿಡಿ. ಕಾರ್ಯದರ್ಶಿಗಳ ವಾಟ್ಸಾಪ್ ಗುಂಪಿನಲ್ಲಿ ಮೇಲಧಿಕಾರಿಗಳ ಆದೇಶ ಮಾತ್ರ ಬರುತ್ತಿದ್ದರೆ ಉಳಿದವರು ಕೈ ಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. "ನನಗೆ ಇದು ಗೊತ್ತಾಗುತ್ತಿಲ್ಲ" ಎಂದು ಕೇಳಲು ಒಂದೇ ಕೆಲಸದವರ ಸಣ್ಣ ಗುಂಪು ಬೇರೆ ಇರಲಿ.

5. ಸೇರುವ ಅವಕಾಶ ಕೊಡಿ. ತಿಂಗಳಿಗೊಮ್ಮೆ ಐದಾರು ಸಂಘಗಳ ಪರೀಕ್ಷಕರು ಒಂದೆಡೆ ಕುಳಿತು ಕಾಫಿ ಕುಡಿದು ತಮ್ಮ ಕಷ್ಟ ಹೇಳಿಕೊಂಡರೆ ಅದನ್ನು ಕಾಲಹರಣವೆಂದು ಎಣಿಸಬೇಡಿ. ಮುಖ ಪರಿಚಯವಾದವನ ಮಾತನ್ನು ನಂಬುವುದು ಸುಲಭ.

6. ಬರೆದದ್ದಕ್ಕೆ ಉತ್ತರ ಕೊಡಿ. ವಿಸ್ತರಣಾಧಿಕಾರಿಗಳು ಬಂದಾಗ ಪುಸ್ತಕ ನೋಡಲಿ. ಆಗುವುದಾದರೆ ಮಾಡಿ, ಆಗದಿದ್ದರೆ ಕಾರಣ ಹೇಳಿ. ಉತ್ತರ ಬರದ ಪುಸ್ತಕದಲ್ಲಿ ಮೂರನೆಯ ಸಲ ಯಾರೂ ಬರೆಯುವುದಿಲ್ಲ.

7. ಗೆರೆ ಎಳೆಯಿರಿ. ಕಲಬೆರಕೆ, ಸುಳ್ಳು ಅಳತೆ, ಹಣದ ದುರುಪಯೋಗ, ಸುಳ್ಳು ದಾಖಲೆ ಇವು ಕ್ಷಮಿಸಬಹುದಾದ ತಪ್ಪುಗಳಲ್ಲ. ಕೈತಪ್ಪಿನಿಂದ ಆದದ್ದಕ್ಕೆ ರಕ್ಷಣೆ, ಬೇಕೆಂದೇ ಮಾಡಿದ್ದಕ್ಕೆ ಕ್ರಮ. ಈ ವ್ಯತ್ಯಾಸವನ್ನು ಆಡಳಿತ ಮಂಡಳಿ ಮೊದಲೇ ಠರಾವು ಮಾಡಿ ಗೋಡೆಗೆ ಹಚ್ಚಲಿ. ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಪ್ರಾಮಾಣಿಕನಿಗೆ ಭಯವಿರುವುದಿಲ್ಲ.

8. ಕಲಿಸುವವನಿಗೆ ಗೌರವ ಕೊಡಿ. ಹೊಸಬನಿಗೆ ಕೆಲಸ ಕಲಿಸಿದ ಹಿರಿಯ ನೌಕರನ ಹೆಸರನ್ನು ವಾರ್ಷಿಕ ಮಹಾಸಭೆಯಲ್ಲಿ ಹೇಳಿ. ಕಲಿಸಿದ್ದರಿಂದ ತನ್ನ ಬೆಲೆ ಏರಿತು ಎಂದು ಅವನಿಗೆ ಅನ್ನಿಸಬೇಕು.

ಸದಸ್ಯರ ಪಾಲೂ ಇದೆ

"ಇದೆಲ್ಲ ಕಾರ್ಯದರ್ಶಿ, ಅಧ್ಯಕ್ಷರ ವಿಷಯ, ನಮಗೇನು?" ಎನ್ನಬೇಡಿ. ಸಂಘದ ಮಾಲೀಕರು ನೀವು. ನೌಕರನಿಗೆ ಪ್ರತಿದಿನ ಎದುರಾಗುವವರೂ ನೀವೇ.

ಡಿಗ್ರಿ ಕಡಿಮೆ ಬಂದ ದಿನ "ಏನಪ್ಪಾ, ಯಂತ್ರ ನಿಂದು, ಅಂಕಿಯೂ ನಿಂದೇನಾ?" ಎಂದು ಸರದಿಯಲ್ಲಿ ನಿಂತವರ ಮುಂದೆ ಛೇಡಿಸಿದರೆ ಅವನು ಮುಂದೆ ಯಂತ್ರದ ದೋಷ ಕಂಡರೂ ಮುಚ್ಚಿಡುತ್ತಾನೆ. "ಇನ್ನೊಮ್ಮೆ ಪರೀಕ್ಷೆ ಮಾಡಿ ನೋಡಪ್ಪಾ, ಕಾರಣ ತಿಳಿಸು" ಎಂದರೆ ನಿಮಗೂ ಕಾರಣ ತಿಳಿಯುತ್ತದೆ. ಮರುಪರೀಕ್ಷೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೇಳುವ ರೀತಿ ಮುಖ್ಯ.

ತಿಳಿವಳಿಕೆ ಸದಸ್ಯರ ಕಡೆಯಿಂದಲೂ ಬರಬೇಕು. ಕೆಚ್ಚಲು ಬಾವಿಗೆ ಔಷಧಿ ಕೊಡಿಸಿದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು. ಆ ಮಾತನ್ನು ನೀವೇ ಮುಂದಾಗಿ ಪರೀಕ್ಷಕನಿಗೆ ತಿಳಿಸಿ. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಾಮಾನ್ಯವಾಗಿ ಅಂದು ಸಂಜೆ, ಸಂಜೆ ಬಂದದ್ದಕ್ಕೆ ಮರುದಿನ ಬೆಳಿಗ್ಗೆ ಸೂಜಿ ಹಾಕಿಸುವುದು ಸರಿಯಾದ ಹೊತ್ತು. ಬೆದೆ ಯಾವಾಗ ಶುರುವಾಯಿತೆಂದು ನೀವು ಸರಿಯಾಗಿ ಹೇಳದಿದ್ದರೆ ಕಾರ್ಯಕರ್ತನ ಪುಸ್ತಕದಲ್ಲಿ ಬರೆದದ್ದೂ ತಪ್ಪಾಗುತ್ತದೆ. ಹಸು ಮತ್ತೆ ಬೆದೆಗೆ ಬಂದರೆ ಸಿಟ್ಟಿನಿಂದ ಬೇರೆಯವರನ್ನು ಕರೆಸಿ ಸುಮ್ಮನಾಗಬೇಡಿ. ಮೊದಲಿನವನಿಗೂ ತಿಳಿಸಿ. ನಾಲ್ಕು ಮನೆಯಿಂದ ಒಂದೇ ಸುದ್ದಿ ಬಂದಾಗಲೇ ಕಂಟೇನರಿನ ದೋಷ ಬೆಳಕಿಗೆ ಬರುವುದು.

ಹಾಗೆಯೇ ತೊಂದರೆ ಹೇಳಿಕೊಂಡ ನೌಕರನ ವಿಷಯ ಮಹಾಸಭೆಯಲ್ಲಿ ಬಂದಾಗ "ಯಾರು ಮಾಡಿದ್ದು?" ಎಂದು ಮೊದಲು ಕೇಳಬೇಡಿ. "ಹೇಗಾಯಿತು? ಮುಂದೆ ಆಗದ ಹಾಗೆ ಏನು ಮಾಡಿದ್ದೀರಿ?" ಎಂದು ಕೇಳಿ. ಮೊದಲ ಪ್ರಶ್ನೆಗೆ ಒಬ್ಬನ ಹೆಸರು ಸಿಗುತ್ತದೆ. ಎರಡನೆಯದಕ್ಕೆ ಇಡೀ ಊರಿಗೆ ಆಗುವ ಉತ್ತರ ಸಿಗುತ್ತದೆ.

ಕೊನೆಯದಾಗಿ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ದುಡಿಮೆಗೆ ಹೇಳುತ್ತೇವೆ. ಕೆಸರಾದ ಕೈ ಕಲಿತದ್ದೂ ಬಹಳವಿದೆ. ಆ ಕಲಿಕೆ ಒಬ್ಬನಲ್ಲಿಯೇ ಉಳಿದರೆ ಅವನೊಂದಿಗೆ ಮುಗಿಯುತ್ತದೆ, ಹಂಚಿದರೆ ಸಂಘದಲ್ಲಿ ಉಳಿಯುತ್ತದೆ. ಎರಡು ಪುಸ್ತಕಗಳಿಗೆ ಆಗುವ ಖರ್ಚು ನೂರು ರೂಪಾಯಿ ಇದ್ದೀತು. ಅವುಗಳಲ್ಲಿ ನಿಜ ಬರೆಯುವ ಧೈರ್ಯ ಕೊಡಬೇಕಾದವರು ಅಧ್ಯಕ್ಷರು, ನಿರ್ದೇಶಕರು ಮತ್ತು ಸದಸ್ಯರಾದ ನೀವು.

ನಿಮ್ಮ ಮುಂದಿನ ಸಭೆಯಲ್ಲಿ ಈ ವಿಷಯ ಪ್ರಸ್ತಾಪಿಸಿ. ನಿಮ್ಮ ಸಂಘದ ಅತ್ಯಂತ ಹಿರಿಯ ನೌಕರನನ್ನು ಕರೆದು ಒಂದು ಮಾತು ಕೇಳಿ: "ನಿಮಗೆ ಗೊತ್ತಿದ್ದು, ಇದುವರೆಗೆ ನಾವು ಯಾರೂ ಕೇಳದ ವಿಷಯ ಯಾವುದು?" ಉತ್ತರ ಬಂದರೆ ಬರೆದುಕೊಳ್ಳಿ. ಉತ್ತರ ಬರಲು ತಡವಾದರೆ, ಕೆಲಸ ಎಲ್ಲಿಂದ ಶುರು ಮಾಡಬೇಕೆಂಬುದು ನಿಮಗೇ ತಿಳಿಯುತ್ತದೆ.